ಒಂದೇ ಡೊಮೈನ್, ಎರಡು ಮೇಲ್ ಸರ್ವರ್: 180 ಮೇಲ್‌ಬಾಕ್ಸ್‌ಗಳನ್ನು ಶಾಖೆವಾರು ಸಾಗಿಸುವುದು ಹೇಗೆ?

ಹಂಪನಕಟ್ಟೆ_ಸರ್ವರ್ · ಸೋಮವಾರ 10:12

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಪ್ರಧಾನ ಕಚೇರಿ, ಉಡುಪಿ, ಕುಂದಾಪುರ, ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿಯಲ್ಲಿ ಶಾಖೆಗಳಿರುವ ಒಂದು ಸಹಕಾರಿ ಸಂಘದ ಮೇಲ್ ಸರ್ವರ್ ಬದಲಿಸಲಿಕ್ಕುಂಟು. ಹಳೆಯದು ಸೆಂಟ್‌ಓಎಸ್ 7, ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ತಂತ್ರಾಂಶ) ಮತ್ತು ಡವ್‌ಕಾಟ್ 2.2 (ಪೆಟ್ಟಿಗೆ, ಲಾಗಿನ್ ನೋಡಿಕೊಳ್ಳುವುದು). ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ. ಹೊಸದು ಡೆಬಿಯನ್ 12, ಪೋಸ್ಟ್‌ಫಿಕ್ಸ್, ಡವ್‌ಕಾಟ್ 2.3. ಒಟ್ಟು 180 ಮೇಲ್‌ಬಾಕ್ಸ್, ಸುಮಾರು 620 ಜಿಬಿ. ಹೆಚ್ಚಿನವರು ಔಟ್‌ಲುಕ್ ಅಥವಾ ಥಂಡರ್‌ಬರ್ಡ್, ಕೆಲವರು ಮೊಬೈಲ್ ಮಾತ್ರ. ಮೂರ್ನಾಲ್ಕು ಜನ ಇನ್ನೂ ಪಾಪ್3 (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಹಳೆ ವಿಧಾನ) ಬಳಸುತ್ತಾರೆ.

ಎಲ್ಲರನ್ನೂ ಒಂದೇ ರಾತ್ರಿಯಲ್ಲಿ ಸಾಗಿಸುವ ಬದಲು ಮೊದಲು ಐದು ಜನ, ಆಮೇಲೆ ಒಂದೊಂದೇ ಶಾಖೆ ಎಂದು ಯೋಚನೆ. ವಿಳಾಸ ಯಾರದ್ದೂ ಬದಲಾಗಬಾರದು. ಅರ್ಧ ಜನ ಇಲ್ಲಿ, ಅರ್ಧ ಜನ ಅಲ್ಲಿ ಇರುವ ಆ ನಡುವಿನ ವಾರಗಳಲ್ಲಿ ಮೇಲ್ ಎಲ್ಲೂ ಸಿಕ್ಕಿಹಾಕಿಕೊಳ್ಳದ ಹಾಗೆ ಎಂತ ಮಾಡಬೇಕು? ಎಂಎಕ್ಸ್ (ಡೊಮೈನಿನ ಮೇಲ್ ಯಾವ ಸರ್ವರಿಗೆ ಬರಬೇಕೆಂದು ಹೇಳುವ ಡಿಎನ್‌ಎಸ್ ದಾಖಲೆ) ಮೊದಲು ಬದಲಿಸುವುದಾ, ಕೊನೆಗಾ?

—

ಕಾರ್ಕಳ_ಅಂಚೆಪೆಟ್ಟಿಗೆ · ಸೋಮವಾರ 10:55

180 ಮಾತ್ರ ಅಲ್ವಾ? ಒಂದು ವಾರ ಮೊದಲಿನಿಂದ ಹಿನ್ನೆಲೆಯಲ್ಲಿ ಕಾಪಿ ಮಾಡಿಟ್ಟು, ಒಂದು ಭಾನುವಾರ ಎಲ್ಲವನ್ನೂ ತಿರುಗಿಸಿಬಿಡಬಹುದು. ಎರಡು ಸರ್ವರ್ ಒಟ್ಟಿಗೆ ಓಡಿಸುವುದೆಂದರೆ ದಾರಿ ತಪ್ಪುವ ಜಾಗವೂ ಎರಡರಷ್ಟು. ಹಂತಹಂತವಾಗಿ ಮಾಡಲೇಬೇಕೆಂಬ ಕಾರಣ ಏನು?

—

ಪಡುಬಿದ್ರಿ_ಕ್ಯೂ · ಸೋಮವಾರ 11:40

ಅಕ್ಕ, ಡೇಟಾ ಸಾಗಿಸುವುದಕ್ಕೆ ಭಾನುವಾರ ಸಾಕು, ಅದು ಸರಿ. ಕಷ್ಟ ಇರುವುದು ಸೋಮವಾರ ಬೆಳಿಗ್ಗೆ. ಹಳೆಯ ಔಟ್‌ಲುಕ್ ಟಿಎಲ್‌ಎಸ್ (ಸಂಪರ್ಕದ ಗೂಢಲಿಪಿ) 1.0 ಮಾತ್ರ ಮಾತಾಡ್ತದೆ, ಡೆಬಿಯನ್ 12 ಅದನ್ನು ಒಪ್ಪುವುದಿಲ್ಲ. ಸ್ಕ್ಯಾನರ್ ಯಾವುದೋ ಐಪಿ ವಿಳಾಸಕ್ಕೆ ನೇರ ಮೇಲ್ ಕಳಿಸ್ತಾ ಇರ್ತದೆ. ಒಬ್ಬರ ಮೊಬೈಲಿನಲ್ಲಿ ಸರ್ವರ್ ಹೆಸರೇ ಬೇರೆ ಇರ್ತದೆ. ಇಂಥದ್ದು ಐದು ಜನರಲ್ಲಿ ಗೊತ್ತಾದರೆ ಸರಿಮಾಡಿ ಮುಂದೆ ಹೋಗಬಹುದು. 180 ಜನರಲ್ಲಿ ಒಟ್ಟಿಗೆ ಗೊತ್ತಾದರೆ ಹಿಂದೆ ಹೋಗುವ ದಾರಿ ಇರುವುದಿಲ್ಲ, ಯಾಕೆಂದರೆ ಅಷ್ಟೊತ್ತಿಗೆ ಹೊಸ ಸರ್ವರಿನಲ್ಲಿ ಹೊಸ ಮೇಲ್ ಬಂದು ಬಿದ್ದಿರ್ತದೆ.

ಹಂಪನಕಟ್ಟೆಯವರೇ, ಇಡೀ ಕೆಲಸದ ಜೀವ ಒಂದು ಪಟ್ಟಿಯಲ್ಲಿ ಉಂಟು: ಯಾವ ವಿಳಾಸ ಯಾವ ಸರ್ವರಿನಲ್ಲಿ. ಅದನ್ನು ಮೈಎಸ್‌ಕ್ಯೂಎಲ್ ಟೇಬಲ್ ಮಾಡಿ. ವಿಳಾಸ, ಸರ್ವರ್, ಸ್ಥಿತಿ, ಈ ಮೂರು ಕಾಲಂ ಸಾಕು. ಎರಡೂ ಕಡೆಯ ಪೋಸ್ಟ್‌ಫಿಕ್ಸ್ ಇದನ್ನೇ ಓದಬೇಕು, ಐಮ್ಯಾಪ್ (ಸರ್ವರಿನಲ್ಲೇ ಇಟ್ಟ ಮೇಲ್ ಓದುವ ವಿಧಾನ) ಲಾಗಿನ್ ಕೂಡ ಇದನ್ನೇ ಓದಬೇಕು. ಮೇಲ್ ಹೋಗುವ ದಾರಿಗೊಂದು ಫೈಲ್, ಲಾಗಿನ್ ಹೋಗುವ ದಾರಿಗೆ ಇನ್ನೊಂದು ಫೈಲ್ ಎಂದು ಇಟ್ಟರೆ ಮೂರನೇ ಶಾಖೆಯ ಹೊತ್ತಿಗೆ ಅವೆರಡು ತಾಳೆಯಾಗುವುದಿಲ್ಲ.

ಪೋಸ್ಟ್‌ಫಿಕ್ಸ್ ಕಡೆ ಮಾಡ್ಲಿಕ್ಕಿರುವುದು: ಎರಡೂ ಸರ್ವರಿನಲ್ಲಿ ಡೊಮೈನನ್ನು ‘ವರ್ಚುವಲ್ ಮೇಲ್‌ಬಾಕ್ಸ್ ಡೊಮೈನ್ಸ್’ನಲ್ಲಿ ಇಡಿ. ‘ವರ್ಚುವಲ್ ಮೇಲ್‌ಬಾಕ್ಸ್ ಮ್ಯಾಪ್ಸ್’ನಲ್ಲಿ ಎಲ್ಲ 180 ವಿಳಾಸವೂ ಎರಡೂ ಕಡೆ ಇರಲಿ, ಮೇಲ್‌ಬಾಕ್ಸ್ ಎಲ್ಲೇ ಇದ್ದರೂ. ಇದು ‘ಈ ವಿಳಾಸ ನಿಜವಾಗಿ ಉಂಟಾ’ ಎಂಬ ಪ್ರಶ್ನೆಗೆ ಉತ್ತರ ಅಷ್ಟೇ. ಎಲ್ಲಿಗೆ ಕಳಿಸಬೇಕು ಎಂಬುದನ್ನು ‘ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್’ ಹೇಳ್ತದೆ. ಅದರಲ್ಲಿ ಪೂರ್ತಿ ವಿಳಾಸಕ್ಕೆ ಸಿಕ್ಕಿದ ಉತ್ತರ ಡೊಮೈನಿನ ಉತ್ತರಕ್ಕಿಂತ ಮೇಲು, ಹಾಗಾಗಿ ಒಬ್ಬೊಬ್ಬರನ್ನೇ ಬೇರೆ ಕಡೆ ತಿರುಗಿಸಲು ಆಗ್ತದೆ. ಟೇಬಲ್‌ನಲ್ಲಿರುವ ಸರ್ವರ್ ತಾನಲ್ಲದಿದ್ದರೆ ಮಾತ್ರ ‘ಎಸ್‌ಎಂಟಿಪಿ: [ಆ ಸರ್ವರ್]’ ಎಂದು ಉತ್ತರ ಬರುವ ಹಾಗೆ ಕ್ವೆರಿ ಬರೆಯಿರಿ. ಚೌಕ ಆವರಣ ಬಿಡಬೇಡಿ. ಅದಿಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ ಹುಡುಕಿಕೊಂಡು ಹೋಗ್ತದೆ, ಅದು ತಿರುಗಿ ತನ್ನನ್ನೇ ತೋರಿಸಿದರೆ ‘ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್’ ಎಂದು ಮೇಲ್ ವಾಪಸ್ ಬರ್ತದೆ.

ವಿಳಾಸದ ಪೂರ್ತಿ ಪಟ್ಟಿ ಎರಡೂ ಕಡೆ ಯಾಕೆ ಬೇಕೆಂದರೆ, ಹಳೆ ಸರ್ವರ್ ಇಲ್ಲದ ವಿಳಾಸಕ್ಕೂ ಮೇಲ್ ತೆಗೆದುಕೊಂಡು ಹೊಸದಕ್ಕೆ ಕೊಟ್ಟು, ಹೊಸದು ‘ಇಂಥವರು ಇಲ್ಲ’ ಎಂದರೆ, ಹಳೆಯದು ತಾನೇ ಬೌನ್ಸ್ (‘ತಲುಪಲಿಲ್ಲ’ ಎಂಬ ಮೇಲ್) ಬರೆದು ಕಳಿಸಬೇಕಾಗ್ತದೆ. ಸ್ಪ್ಯಾಮ್‌ನಲ್ಲಿ ಕಳುಹಿಸಿದವರ ವಿಳಾಸ ಸುಳ್ಳೇ ಇರುವುದು. ಆ ಬೌನ್ಸ್ ಸಂಬಂಧವೇ ಇಲ್ಲದವರ ಇನ್‌ಬಾಕ್ಸಿಗೆ ಹೋಗಿ ನಿಮ್ಮ ಐಪಿ ಕಪ್ಪುಪಟ್ಟಿಗೆ ಬೀಳ್ತದೆ. ಮೊದಲ ಬಾಗಿಲಲ್ಲೇ ಬೇಡ ಎನ್ನಬೇಕು.

—

ಹಂಪನಕಟ್ಟೆ_ಸರ್ವರ್ · ಸೋಮವಾರ 12:20

ಇದು ಸ್ಪಷ್ಟ ಆಯ್ತು. ಹೊಸ ಸರ್ವರಿಗೆ ಬಂದವರು ಹಳೆಯದರಲ್ಲಿ ಇರುವವರಿಗೆ ಬರೆದರೂ ಇದೇ ಟೇಬಲ್ ನೋಡಿ ಹಿಂದಕ್ಕೆ ಹೋಗ್ತದೆ ಅಲ್ವಾ? ಹೊಸದು ಡೊಮೈನ್ ಪೂರ್ತಿ ತನ್ನದೇ ಎಂದುಕೊಂಡು ‘ಯೂಸರ್ ಅನ್‌ನೋನ್’ ಹೇಳುವ ಭಯ ಇತ್ತು.

—

ಪಡುಬಿದ್ರಿ_ಕ್ಯೂ · ಸೋಮವಾರ 12:31

ಹೌದು, ಹೋಗ್ತದೆ. ಒಂದು ಜಾಗ್ರತೆ ಮಾತ್ರ. ಟೇಬಲಿನ ಎರಡು ಪ್ರತಿ ಇಟ್ಟು ರೆಪ್ಲಿಕೇಶನ್ (ಒಂದರ ಬದಲಾವಣೆ ಇನ್ನೊಂದಕ್ಕೆ ತಾನಾಗಿ ಹೋಗುವ ಹಾಗೆ) ಮಾಡಿದರೆ, ಒಂದು ಪ್ರತಿ ಹಿಂದೆ ಬಿದ್ದ ಹೊತ್ತಿನಲ್ಲಿ ಹಳೆಯದು ‘ಅವರು ಹೊಸದರಲ್ಲಿದ್ದಾರೆ’ ಎನ್ನುವುದು, ಹೊಸದು ‘ಇಲ್ಲ, ಹಳೆಯದರಲ್ಲಿ’ ಎನ್ನುವುದು. ಮೇಲ್ ಅತ್ತಿತ್ತ ಓಡಾಡಿ ಹಾಪ್ (ಸರ್ವರಿನಿಂದ ಸರ್ವರಿಗೆ ನೆಗೆತ) ಮಿತಿ, ಅಂದರೆ ಪೋಸ್ಟ್‌ಫಿಕ್ಸ್‌ನಲ್ಲಿ ಡಿಫಾಲ್ಟ್ 50, ಮುಟ್ಟಿದಾಗ ‘ಟೂ ಮೆನಿ ಹಾಪ್ಸ್’ ಎಂದು ವಾಪಸ್. ಇದಕ್ಕೆ ಮದ್ದು ‘ಸ್ಥಿತಿ’ ಕಾಲಂನಲ್ಲಿ ಉಂಟು, ಸಂಜೆ ಬರೆಯುತ್ತೇನೆ.

—

ಮಣಿಪಾಲ_ಐಮ್ಯಾಪ್ · ಸೋಮವಾರ 14:05

ಲಾಗಿನ್ ಕಡೆಯದ್ದು ನಾನು ಹೇಳುತ್ತೇನೆ. ಬಳಕೆದಾರರ ಸೆಟ್ಟಿಂಗ್ ಮುಟ್ಟಲೇ ಬಾರದು ಎಂದರೆ ಡವ್‌ಕಾಟ್ ಪ್ರಾಕ್ಸಿ ಬೇಕು. ಬಳಕೆದಾರರು ಸರ್ವರ್ ಎಂದು ಹಾಕಿಕೊಂಡ ‘ಮೇಲ್’ ಎಂಬ ಹೆಸರು ಹಳೆ ಸರ್ವರಿಗೇ ತೋರಿಸುತ್ತಾ ಇರಲಿ. ಅಲ್ಲಿನ ಪಾಸ್‌ಡಿಬಿ (ಪಾಸ್‌ವರ್ಡ್ ನೋಡುವ ಡೇಟಾಬೇಸ್) ಕ್ವೆರಿಯಲ್ಲಿ ಪಾಸ್‌ವರ್ಡ್ ಜೊತೆ ‘ಹೋಸ್ಟ್’ ಮತ್ತು ‘ಪ್ರಾಕ್ಸಿ ಮೇಬಿ’ ಎಂಬ ಎರಡು ಫೀಲ್ಡ್ ಕೂಡ ವಾಪಸ್ ಕೊಡಿ. ಹೋಸ್ಟ್ ತನ್ನದೇ ಐಪಿ ಆದರೆ ಡವ್‌ಕಾಟ್ ಅಲ್ಲೇ ಲಾಗಿನ್ ಮಾಡಿಕೊಳ್ತದೆ, ಬೇರೆ ಆದರೆ ಸಂಪರ್ಕವನ್ನು ಹೊಸ ಸರ್ವರಿಗೆ ದಾಟಿಸ್ತದೆ. ಔಟ್‌ಲುಕ್‌ಗೆ ಗೊತ್ತೇ ಆಗುವುದಿಲ್ಲ. ಆದರೆ ದಾಟಿಸುವಾಗ ಅದೇ ಪಾಸ್‌ವರ್ಡ್ ಮುಂದಕ್ಕೆ ಕೊಡಬೇಕಾಗುವುದರಿಂದ ಕ್ಲೈಂಟ್ ‘ಪ್ಲೇನ್’ ಅಥವಾ ‘ಲಾಗಿನ್’ ವಿಧಾನದಲ್ಲೇ ಬರಬೇಕು. ಕ್ರ್ಯಾಮ್ ಎಂಡಿ5 (ಪಾಸ್‌ವರ್ಡನ್ನೇ ಕಳಿಸದ ಲಾಗಿನ್ ವಿಧಾನ) ಇಟ್ಟುಕೊಂಡವರು ಇದ್ದರೆ ಅವರನ್ನು ಮೊದಲೇ ಹುಡುಕಿ ಬದಲಿಸಿ. ಎರಡು ಸರ್ವರಿನ ನಡುವೆಯೂ ಟಿಎಲ್‌ಎಸ್ ಇರಲೇಬೇಕು.

ಪಾಸ್‌ವರ್ಡ್ ಹ್ಯಾಶ್ (ಮರೆಮಾಡಿದ ರೂಪ) ಹಾಗೇ ಕಾಪಿ ಮಾಡಬಹುದು, ಸ್ಕೀಮಿನ ಹೆಸರು ಎದುರಿಗೆ ಇದ್ದರೆ ಸಾಕು. ಯಾರ ಪಾಸ್‌ವರ್ಡನ್ನೂ ಕೇಳಬೇಕಾಗಿಲ್ಲ, ಕೇಳಲೂ ಬಾರದು. ಮೇಲ್‌ಬಾಕ್ಸ್ ಕಾಪಿಗೆ ಮಾಸ್ಟರ್ ಯೂಸರ್ ಮಾಡಿಕೊಳ್ಳಿ. ವಿಳಾಸ, ನಕ್ಷತ್ರ ಚಿಹ್ನೆ, ಮಾಸ್ಟರ್ ಹೆಸರು, ಈ ಕ್ರಮದಲ್ಲಿ ಲಾಗಿನ್ ಕೊಟ್ಟರೆ ಯಾರ ಪೆಟ್ಟಿಗೆಗೂ ಹೋಗಬಹುದು. ಕೆಲಸ ಮುಗಿದ ದಿನವೇ ಆ ಮಾಸ್ಟರನ್ನು ತೆಗೆದುಬಿಡಿ.

ಪ್ರಾಕ್ಸಿ ಹಾಕಿದಾಗ ಹೆಚ್ಚಿನವರು ಮರೆಯುವ ವಿಷಯ ಒಂದುಂಟು. ಹೊಸ ಸರ್ವರಿನ ಕಣ್ಣಿಗೆ ಎಲ್ಲ ಲಾಗಿನ್‌ಗಳೂ ಹಳೆ ಸರ್ವರಿನ ಐಪಿಯಿಂದಲೇ ಬಂದ ಹಾಗೆ ಕಾಣ್ತವೆ. ಯಾರೋ ಒಬ್ಬರ ಮೊಬೈಲಿನಲ್ಲಿ ತಪ್ಪು ಪಾಸ್‌ವರ್ಡ್ ಉಳಿದಿದ್ದರೆ ಫೇಲ್‌2ಬ್ಯಾನ್ (ಪದೇಪದೇ ತಪ್ಪು ಲಾಗಿನ್ ಮಾಡುವ ಐಪಿಯನ್ನು ತಡೆಯುವ ತಂತ್ರಾಂಶ) ಹಳೆ ಸರ್ವರನ್ನೇ ಬ್ಯಾನ್ ಮಾಡ್ತದೆ, ಸ್ಥಳಾಂತರವಾದ ಇಡೀ ಶಾಖೆಗೆ ಒಂದೇ ಏಟಿಗೆ ಮೇಲ್ ನಿಲ್ತದೆ. ಹೊಸದರಲ್ಲಿ ‘ಲಾಗಿನ್ ಟ್ರಸ್ಟೆಡ್ ನೆಟ್‌ವರ್ಕ್ಸ್’ಗೆ ಹಳೆ ಸರ್ವರಿನ ಐಪಿ ಸೇರಿಸಿ, ಆಗ ಬಳಕೆದಾರರ ನಿಜವಾದ ಐಪಿ ಲಾಗ್‌ನಲ್ಲಿ ಬರ್ತದೆ. ಫೇಲ್‌2ಬ್ಯಾನ್‌ನ ‘ಇಗ್ನೋರ್ ಐಪಿ’ಯಲ್ಲೂ ಸೇರಿಸಿ. ಎರಡೂ ಬೇಕು.

—

ಕುಂದಾಪುರ_ಕೇಬಲ್ · ಸೋಮವಾರ 16:48

ಹ್ವಾಯ್, ಶಾಖೆಗಳ ಲೈನ್ ಬಗ್ಗೆ ಯಾರೂ ಮಾತಾಡಲಿಲ್ಲ. ಮೇಲ್‌ಬಾಕ್ಸ್ ಸಾಗಿಸುವಾಗ ಯುಐಡಿ (ಪ್ರತಿ ಮೇಲ್‌ಗೆ ಸರ್ವರ್ ಕೊಡುವ ಸಂಖ್ಯೆ) ಬದಲಾದರೆ ಔಟ್‌ಲುಕ್, ಥಂಡರ್‌ಬರ್ಡ್ ಎರಡೂ ಇದ್ದಬದ್ದದ್ದನ್ನೆಲ್ಲ ಹೊಸದಾಗಿ ಇಳಿಸಿಕೊಳ್ತವೆ. ಶಾಖೆಯಲ್ಲಿ 12 ಜನ, ತಲಾ 8 ಜಿಬಿ ಎಂದರೆ 96 ಜಿಬಿ. ಲೈನ್ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ, ಬೇರೆ ಏನೂ ಕೆಲಸ ಮಾಡದೆ, 21 ಗಂಟೆಗಿಂತ ಹೆಚ್ಚು. ಅದೇ ಲೈನಿನಲ್ಲಿ ಬ್ಯಾಂಕಿಂಗ್ ತಂತ್ರಾಂಶವೂ ಓಡಬೇಕು. ಕೌಂಟರ್ ಎದುರು ಜನ ನಿಂತಿರ್ತಾರೆ.

ಇನ್ನೊಂದು, ದಿನ ನೋಡಿ ಇಟ್ಟುಕೊಳ್ಳಿ. ಮಾರ್ಚ್ ಕೊನೆಯ ವಾರ ಬೇಡ, ಲೆಕ್ಕ ಮುಗಿಸುವ ಗಡಿಬಿಡಿ. ಜೂನ್, ಜುಲೈಯಲ್ಲಿ ಕರೆಂಟೂ ಲೈನೂ ಯಾವಾಗ ಹೋಗ್ತದೆಂದು ಹೇಳಲಿಕ್ಕಾಗುವುದಿಲ್ಲ, ಘಾಟಿಯಲ್ಲಿ ಮಣ್ಣು ಜರಿದು ಕೇಬಲ್ ಹೋದರೆ ಹೊರಗಿನ ಡೇಟಾ ಸೆಂಟರಿನಲ್ಲಿರುವ ಸರ್ವರ್ ಇದ್ದೂ ಇಲ್ಲದ ಹಾಗೆ. ಮಳೆ ಇಳಿದ ಮೇಲೆ, ನವರಾತ್ರಿ ಮುಗಿಸಿ ಶುರು ಮಾಡಿದರೆ ಒಳ್ಳೆಯದು.

—

ಮಣಿಪಾಲ_ಐಮ್ಯಾಪ್ · ಸೋಮವಾರ 17:30

ಕುಂದಾಪುರದವರು ಹೇಳಿದ್ದು ತುಂಬಾ ಮುಖ್ಯ. ಅದಕ್ಕೇ ಈ ಕೆಲಸಕ್ಕೆ ಐಮ್ಯಾಪ್‌ಸಿಂಕ್ ನನ್ನ ಮೊದಲ ಆಯ್ಕೆ ಅಲ್ಲ. ಅದು ಒಳ್ಳೆಯ ಸಾಧನ, ಯಾವ ಸರ್ವರಿನಿಂದ ಯಾವುದಕ್ಕೆ ಬೇಕಾದರೂ ಸಾಗಿಸ್ತದೆ, ತಾರೀಖು, ಓದಿದ ಗುರುತು ಎಲ್ಲ ಉಳಿಸ್ತದೆ. ಆದರೆ ಯುಐಡಿ ಉಳಿಸುವುದಿಲ್ಲ. ಎರಡೂ ಕಡೆ ಡವ್‌ಕಾಟ್ ಇರುವುದರಿಂದ ಡವ್‌ಕಾಟ್‌ನದ್ದೇ ‘ಡವ್‌ಆಡ್ಮ್ ಬ್ಯಾಕಪ್’ ಬಳಸಿ. ಹೊಸ ಸರ್ವರಿನಲ್ಲಿ ಕೂತು, ‘ರಿವರ್ಸ್’ ಆಯ್ಕೆ ಕೊಟ್ಟು, ‘ಐಮ್ಯಾಪ್‌ಸಿ’ ಮೂಲಕ ಹಳೆಯದರಿಂದ ಎಳೆದುಕೊಳ್ಳುವುದು. ಐಮ್ಯಾಪ್ ಭಾಷೆಯಲ್ಲೇ ಮಾತಾಡುವುದರಿಂದ 2.2 ಮತ್ತು 2.3ರ ವ್ಯತ್ಯಾಸ ಅಡ್ಡ ಬರುವುದಿಲ್ಲ. ಯುಐಡಿ, ಯುಐಡಿ ವ್ಯಾಲಿಡಿಟಿ (ಆ ಸಂಖ್ಯೆಗಳು ಇನ್ನೂ ಸರಿ ಎಂಬ ಫೋಲ್ಡರಿನ ಗುರುತು) ಎರಡೂ ಹಾಗೇ ಬರ್ತವೆ, ಕ್ಲೈಂಟ್ ಏನನ್ನೂ ಮತ್ತೆ ಇಳಿಸಿಕೊಳ್ಳುವುದಿಲ್ಲ.

ಪಾಪ್3ನವರಿಗೂ ಇದರಿಂದಲೇ ಪರಿಹಾರ. ಡವ್‌ಕಾಟ್ ಡಿಫಾಲ್ಟ್ ಆಗಿ ಪಾಪ್3 ಗುರುತನ್ನು ಯುಐಡಿ ಮತ್ತು ಯುಐಡಿ ವ್ಯಾಲಿಡಿಟಿ ಸೇರಿಸಿ ಕಟ್ಟುತ್ತದೆ. ಅವೆರಡೂ ಉಳಿದರೆ, ‘ಪಾಪ್3 ಯುಐಡಿಎಲ್ ಫಾರ್ಮ್ಯಾಟ್’ ಎರಡೂ ಕಡೆ ಒಂದೇ ಇದ್ದರೆ, ಹಳೆ ಮೇಲ್ ಎರಡನೇ ಸಲ ಇಳಿಯುವುದಿಲ್ಲ. ಹಳೆಯದರಲ್ಲಿ ಯಾರಾದರೂ ಆ ಸೆಟ್ಟಿಂಗ್ ಬದಲಿಸಿದ್ದಾರಾ ಎಂದು ಒಮ್ಮೆ ನೋಡಿ.

ಮೊದಲ ಕಾಪಿ ಮಾಡುವಾಗ ಬಳಕೆದಾರರು ಹಳೆಯದರಲ್ಲೇ ಕೆಲಸ ಮಾಡ್ತಾ ಇರಲಿ. ರಾತ್ರಿ ಮೂರು ನಾಲ್ಕು ಪೆಟ್ಟಿಗೆ ಒಟ್ಟಿಗೆ ಓಡಿಸಿ, ಅದಕ್ಕಿಂತ ಹೆಚ್ಚು ಬೇಡ, ಹಳೆ ಸರ್ವರಿನ ಡಿಸ್ಕ್ ತಿರುಗುವ ಡಿಸ್ಕ್ ಆಗಿದ್ದರೆ ಉಸಿರು ಕಟ್ತದೆ. ಎರಡನೇ ಸಲ ಓಡಿಸಿದಾಗ ವ್ಯತ್ಯಾಸ ಮಾತ್ರ ಬರುವುದು, ಅದು ಬೇಗ ಮುಗಿಯುತ್ತದೆ.

ಆದರೆ ದಯವಿಟ್ಟು ಇದೊಂದನ್ನು ಗಟ್ಟಿಯಾಗಿ ನೆನಪಿಡಿ. ‘ಬ್ಯಾಕಪ್’ ಎಂದರೆ ಗುರಿಯನ್ನು ಮೂಲದ ತದ್ರೂಪ ಮಾಡು ಎಂದು ಅರ್ಥ. ಗುರಿಯಲ್ಲಿ ಹೊಸದಾಗಿ ಬಂದ ಮೇಲ್ ಇದ್ದರೆ ಅದನ್ನು ಅಳಿಸ್ತದೆ. ಬಳಕೆದಾರ ಹೊಸ ಸರ್ವರಿಗೆ ಬಂದ ಮೇಲೆ ‘ಇನ್ನೊಮ್ಮೆ ಓಡಿಸಿ ನೋಡುವ’ ಎಂದು ಓಡಿಸಿದರೆ ಅವತ್ತಿನ ಮೇಲ್ ಹೋಯಿತು. ಐಮ್ಯಾಪ್‌ಸಿಂಕ್‌ನ ‘ಡಿಲೀಟ್2’ ಆಯ್ಕೆಯಲ್ಲೂ ಇದೇ ಅಪಾಯ. ಸ್ಕ್ರಿಪ್ಟ್ ಬರೆಯುವಾಗ ಟೇಬಲಿನ ಸ್ಥಿತಿ ‘ಹೊಸ’ ಎಂದಿದ್ದರೆ ಬ್ಯಾಕಪ್ ಓಡಲೇ ಬಾರದು ಎಂದು ತಡೆ ಹಾಕಿ.

—

ಕಾರ್ಕಳ_ಅಂಚೆಪೆಟ್ಟಿಗೆ · ಸೋಮವಾರ 18:02

ಸರಿ, ಹಂತಹಂತವಾಗಿ ಎಂಬುದನ್ನು ಒಪ್ಪಿದೆ. ಆದರೆ ತಿರುಗಿಸುವ ಆ ಕ್ಷಣದ ಕ್ರಮ ಹೇಗೆ? ಮೊದಲು ಲಾಗಿನ್ ಹೊಸದಕ್ಕೆ ತಿರುಗಿಸಿದರೆ, ಕೊನೆಯ ಕಾಪಿ ಆದ ಮೇಲೆ ಹಳೆಯದಕ್ಕೆ ಬಂದ ಮೇಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಮೇಲ್ ತಿರುಗಿಸಿದರೆ, ಹೊಸದಕ್ಕೆ ಬಂದ ಮೇಲನ್ನು ಕೊನೆಯ ಬ್ಯಾಕಪ್ ಅಳಿಸಿಹಾಕ್ತದೆ. ಎರಡೂ ಕಡೆ ತೊಂದರೆಯೇ.

—

ಪಡುಬಿದ್ರಿ_ಕ್ಯೂ · ಸೋಮವಾರ 19:15

ಅಕ್ಕ ಸರಿಯಾದ ಜಾಗಕ್ಕೇ ಕೈ ಹಾಕಿದರು. ‘ಸ್ಥಿತಿ’ ಕಾಲಂ ಇರುವುದೇ ಇದಕ್ಕೆ. ‘ಹಳೆ’, ‘ಹೊಸ’ ಎಂಬ ಎರಡರ ನಡುವೆ ‘ಸಾಗಣೆ’ ಎಂಬ ಮೂರನೇ ಸ್ಥಿತಿ ಇಡಿ. ಆ ಸ್ಥಿತಿಯಲ್ಲಿರುವವರ ಮೇಲನ್ನು ಎಲ್ಲಿಗೂ ಕಳಿಸದೆ ಕ್ಯೂನಲ್ಲಿ ಕೂರಿಸಬೇಕು. ಪೋಸ್ಟ್‌ಫಿಕ್ಸ್‌ನಲ್ಲಿ ‘ರಿಟ್ರೈ’ ಎಂಬ ಟ್ರಾನ್ಸ್‌ಪೋರ್ಟ್ ಉಂಟು, ಮಾಸ್ಟರ್ ಫೈಲಿನಲ್ಲಿ ಸಾಮಾನ್ಯವಾಗಿ ಇದ್ದೇ ಇರ್ತದೆ. ಟೇಬಲಿನಿಂದ ಆ ವಿಳಾಸಕ್ಕೆ ‘ರಿಟ್ರೈ: 4.2.1 ಮೇಲ್‌ಬಾಕ್ಸ್ ಸ್ಥಳಾಂತರ ನಡೆದಿದೆ’ ಎಂಬ ಅರ್ಥದ ಉತ್ತರ ಬಂದರೆ ಮೇಲ್ ಡಿಫರ್ ಆಗಿ ಕ್ಯೂನಲ್ಲಿ ಉಳಿಯುತ್ತದೆ. ಕಳುಹಿಸಿದವರಿಗೆ ಏನೂ ಹೋಗುವುದಿಲ್ಲ. ಕ್ಯೂನಲ್ಲಿ ಡಿಫಾಲ್ಟ್ ಆಗಿ 5 ದಿನ ಇರ್ತದೆ, ನಮಗೆ ಬೇಕಾದದ್ದು ಕೆಲವು ನಿಮಿಷ.

ಹಾಗಾದರೆ ಒಬ್ಬರಿಗೆ ಮಾಡುವ ಕ್ರಮ ಹೀಗೆ. ಸ್ಥಿತಿ ‘ಸಾಗಣೆ’ ಮಾಡಿ. ಆಗಲೇ ಆಕ್ಟಿವ್ ಕ್ಯೂಗೆ (ಈಗ ಹೊರಡುವವುಗಳ ಸಾಲಿಗೆ) ಹೋಗಿಬಿಟ್ಟ ಮೇಲ್‌ಗೆ ದಾರಿ ಮೊದಲೇ ನಿಶ್ಚಯವಾಗಿರ್ತದೆ, ಟೇಬಲ್ ಬದಲಿಸಿದ್ದು ಅದಕ್ಕೆ ಗೊತ್ತಿಲ್ಲ, ಹಾಗಾಗಿ ಆ ವಿಳಾಸದ್ದು ಖಾಲಿಯಾಗುವವರೆಗೆ ಒಂದೆರಡು ನಿಮಿಷ ಕಾಯಿರಿ. ಪಾಸ್‌ಡಿಬಿಯಲ್ಲಿ ಆ ಸ್ಥಿತಿಯವರಿಗೆ ಲಾಗಿನ್ ತಡೆಯಿರಿ, ಮಾಸ್ಟರ್ ಯೂಸರಿಗೆ ಬಿಟ್ಟು. ತೆರೆದಿರುವ ಸಂಪರ್ಕಗಳನ್ನು ‘ಡವ್‌ಆಡ್ಮ್ ಕಿಕ್’ ಕೊಟ್ಟು ಕಡಿಯಿರಿ. ಪಾಸ್‌ವರ್ಡ್ ಕ್ಯಾಶೆ ಇಟ್ಟಿದ್ದರೆ ಅದನ್ನೂ ಫ್ಲಶ್ ಮಾಡಿ, ಇಲ್ಲದಿದ್ದರೆ ಹಳೆಯ ಉತ್ತರವನ್ನೇ ಕೊಡ್ತಾ ಇರ್ತದೆ. ಈಗ ಆ ಪೆಟ್ಟಿಗೆಯನ್ನು ಎರಡೂ ಕಡೆ ಯಾರೂ ಮುಟ್ಟುತ್ತಿಲ್ಲ. ಕೊನೆಯ ಬ್ಯಾಕಪ್ ಓಡಿಸಿ. ‘ಡವ್‌ಆಡ್ಮ್ ಮೇಲ್‌ಬಾಕ್ಸ್ ಸ್ಟೇಟಸ್’ನಲ್ಲಿ ಪ್ರತಿ ಫೋಲ್ಡರಿನ ಮೇಲ್ ಸಂಖ್ಯೆ, ಗಾತ್ರ ಎರಡೂ ಕಡೆ ತೆಗೆದು ಹೋಲಿಸಿ. ತಾಳೆಯಾದರೆ ಸ್ಥಿತಿ ‘ಹೊಸ’. ಆಮೇಲೆ ಎರಡೂ ಸರ್ವರಿನಲ್ಲಿ ಕ್ಯೂ ಫ್ಲಶ್. ಫ್ಲಶ್ ಮಾಡದಿದ್ದರೂ ಹೋಗ್ತದೆ, ಆದರೆ ಮರುಪ್ರಯತ್ನದ ಅಂತರ ಕನಿಷ್ಠ 300 ಸೆಕೆಂಡು, ಅದು ಬೆಳೆಯುತ್ತಾ ಹೋಗುವುದು.

ಈ ನಡುವಿನ ಸ್ಥಿತಿಯಿಂದ ರೆಪ್ಲಿಕೇಶನ್ ತಡವಾಗುವ ತೊಂದರೆಯೂ ಪರಿಹಾರ. ಎರಡೂ ಪ್ರತಿಗಳು ‘ಸಾಗಣೆ’ ಕಂಡ ಮೇಲಷ್ಟೇ ಮುಂದಿನ ಹೆಜ್ಜೆ ಇಡುವುದು. ಕೊನೆಗೆ ‘ಹೊಸ’ ಮಾಡುವಾಗ ಒಂದು ಪ್ರತಿ ತಡವಾದರೂ ಅಲ್ಲಿ ಮೇಲ್ ಕ್ಯೂನಲ್ಲಿ ಕೂರ್ತದೆ ಅಷ್ಟೇ, ಸುತ್ತು ಹೊಡೆಯುವುದಿಲ್ಲ.

—

ಹಂಪನಕಟ್ಟೆ_ಸರ್ವರ್ · ಮಂಗಳವಾರ 09:30

ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಲಿಕ್ಕುಂಟು. ಗುಂಪು ವಿಳಾಸಗಳ ವಿಷಯ ಕೇಳುತ್ತೇನೆ. ‘ಸಾಲ ವಿಭಾಗ’, ‘ಎಲ್ಲ ಶಾಖಾ ವ್ಯವಸ್ಥಾಪಕರು’ ಎಂಬ ಅಲಿಯಾಸ್‌ಗಳು 25ರಷ್ಟಿವೆ. ಒಳಗಿರುವವರು ಎರಡೂ ಸರ್ವರಿನಲ್ಲಿ ಹಂಚಿಹೋಗುತ್ತಾರೆ.

—

ಪಡುಬಿದ್ರಿ_ಕ್ಯೂ · ಮಂಗಳವಾರ 09:58

ಅಲಿಯಾಸ್ ಬಿಡಿಸುವ ಕೆಲಸ ಒಂದು ಮೇಲ್‌ಗೆ ಒಂದೇ ಸಲ ಆಗಬೇಕು. ಯಾವ ಸರ್ವರಿಗೆ ಮೊದಲು ಬಂತೋ ಅದು ಬಿಡಿಸಲಿ, ಇನ್ನೊಂದಕ್ಕೆ ದಾಟಿದ ಮೇಲೆ ಮತ್ತೆ ಬಿಡಿಸಬಾರದು. ತನ್ನ ಪೆಟ್ಟಿಗೆಗೂ ಒಂದು ಪ್ರತಿ, ಇನ್ನೊಬ್ಬರಿಗೂ ಒಂದು ಪ್ರತಿ ಎಂಬ ಅಲಿಯಾಸ್ ಇದ್ದರೆ ಎರಡು ಸಲ ಬಿಡಿಸಿದಾಗ ಎರಡೆರಡು ಮೇಲ್ ಬೀಳ್ತದೆ. ಇದಕ್ಕೆ ಎರಡೂ ಸರ್ವರಿನಲ್ಲಿ ಪರಸ್ಪರ ಮಾತಿಗೆಂದೇ ಬೇರೆ ಪೋರ್ಟ್, ಉದಾಹರಣೆಗೆ 2525, ತೆರೆದು, ಅದರಲ್ಲಿ ‘ರಿಸೀವ್ ಓವರ್‌ರೈಡ್ ಆಪ್ಶನ್ಸ್’ಗೆ ‘ನೋ ಅಡ್ರೆಸ್ ಮ್ಯಾಪಿಂಗ್ಸ್’ ಕೊಡಿ. ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಎದುರು ಸರ್ವರಿನ ಐಪಿಗೆ ಮಾತ್ರ ಬಿಡಿ. ಟ್ರಾನ್ಸ್‌ಪೋರ್ಟ್ ಉತ್ತರದಲ್ಲೂ ಪೋರ್ಟ್ ಸಂಖ್ಯೆ ಸೇರಿಸಲು ಮರೆಯಬೇಡಿ.

ಮೇಲ್ ಗಾತ್ರದ ಮಿತಿಯೂ ನೋಡಿ. ಪೋಸ್ಟ್‌ಫಿಕ್ಸ್ ಡಿಫಾಲ್ಟ್ 1,02,40,000 ಬೈಟ್, ಸುಮಾರು 10 ಎಂಬಿ. ಹಳೆಯದರಲ್ಲಿ ಯಾರೋ ಏರಿಸಿಟ್ಟಿರ್ತಾರೆ, ಹೊಸದರಲ್ಲಿ ಡಿಫಾಲ್ಟ್. ಹಳೆಯದು ಒಪ್ಪಿಕೊಂಡ ಮೇಲನ್ನು ಹೊಸದು ಬೇಡ ಎನ್ನುತ್ತದೆ. ಅಟ್ಯಾಚ್‌ಮೆಂಟ್ ಬೇಸ್64 (ಅಕ್ಷರಗಳ ರೂಪ) ಆದಾಗ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಉಬ್ಬುತ್ತದೆ. 25 ಎಂಬಿ ಫೈಲ್ ಹೋಗಬೇಕಾದರೆ ಮಿತಿ 35 ಎಂಬಿ ಇರಲಿ.

—

ಮಲ್ಪೆ_ಡಿಎನ್ಎಸ್ · ಮಂಗಳವಾರ 11:20

ಎಂಎಕ್ಸ್ ಪ್ರಶ್ನೆಗೆ ಉತ್ತರ ಬಾಕಿ ಉಂಟು. ನನ್ನ ಅಭಿಪ್ರಾಯ: ಎಂಎಕ್ಸ್ ಕೊನೆಗೆ. ಟೇಬಲ್ ಸರಿ ಇದ್ದರೆ ಮೇಲ್ ಯಾವ ಬಾಗಿಲಿಂದ ಬಂದರೂ ತಲುಪುತ್ತದೆ, ಹಾಗಿರುವಾಗ ವರ್ಷಗಟ್ಟಲೆ ನಡೆದ ಬಾಗಿಲನ್ನು ಮೊದಲ ದಿನವೇ ಬದಲಿಸುವುದು ಯಾಕೆ? ಹೊಸದನ್ನು ಎರಡನೇ ಎಂಎಕ್ಸ್ ಎಂದು 20ರ ಆದ್ಯತೆಯಲ್ಲಿ ಸೇರಿಸುವುದೂ ಬೇಡ. ಸ್ಪ್ಯಾಮ್ ಕಳಿಸುವವರು ಹಿಂಬಾಗಿಲು ಸಡಿಲ ಇರ್ತದೆಂದು ಕಡಿಮೆ ಆದ್ಯತೆಯ ಎಂಎಕ್ಸ್‌ಗೇ ಹೋಗುವುದು ಜಾಸ್ತಿ.

ಎಂಎಕ್ಸ್ ಹಳೆಯದರಲ್ಲೇ ಇರುವವರೆಗೆ ಸ್ಪ್ಯಾಮ್ ಪರೀಕ್ಷೆಯೂ ಅಲ್ಲೇ ಮುಗಿಯಬೇಕು. ಹೊಸ ಸರ್ವರಿಗೆ ಎಲ್ಲ ಮೇಲೂ ಹಳೆಯದರ ಐಪಿಯಿಂದ ಬರುವುದರಿಂದ, ಅಲ್ಲಿ ಎಸ್‌ಪಿಎಫ್ (ಡೊಮೈನಿನ ಮೇಲ್ ಯಾವ ಐಪಿಯಿಂದ ಬರಬಹುದೆಂಬ ದಾಖಲೆ) ನೋಡಿದರೆ ಹೊರಗಿನವರದ್ದೆಲ್ಲ ಫೇಲ್. ಗ್ರೇಲಿಸ್ಟಿಂಗ್ (ಹೊಸಬರಿಗೆ ಮೊದಲ ಸಲ ‘ಆಮೇಲೆ ಬನ್ನಿ’ ಎನ್ನುವುದು) ಇದ್ದರೆ ಹಳೆಯದನ್ನೇ ಕಾಯಿಸ್ತದೆ. ಹೊಸದರಲ್ಲಿ ಆರ್‌ಸ್ಪ್ಯಾಮ್‌ಡಿ ಇದ್ದರೆ ‘ಎಕ್ಸ್‌ಟರ್ನಲ್ ರಿಲೇ’ ಮಾಡ್ಯೂಲಿನಲ್ಲಿ, ಸ್ಪ್ಯಾಮ್‌ಅಸಾಸಿನ್ ಇದ್ದರೆ ‘ಇಂಟರ್ನಲ್ ನೆಟ್‌ವರ್ಕ್ಸ್’ನಲ್ಲಿ ಹಳೆಯದರ ಐಪಿ ಹೇಳಿಡಿ. ಆಗ ಅದು ಒಂದು ಹೆಜ್ಜೆ ಹಿಂದಿನ ಐಪಿಯನ್ನು ನೋಡಿ ಲೆಕ್ಕ ಹಾಕ್ತದೆ.

ಹೊರಗೆ ಹೋಗುವ ಮೇಲ್‌ಗೆ: ಎಸ್‌ಪಿಎಫ್ ದಾಖಲೆಯಲ್ಲಿ ಎರಡೂ ಐಪಿ ಇರಲಿ, ಹಳೆಯದು 192.0.2.10, ಹೊಸದು 198.51.100.20 ಎಂದಿಟ್ಟುಕೊಳ್ಳಿ. ಒಂದೇ ದಾಖಲೆಯಲ್ಲಿ ಎರಡು ಐಪಿ, ಎರಡು ದಾಖಲೆ ಅಲ್ಲ. ಎರಡು ಎಸ್‌ಪಿಎಫ್ ದಾಖಲೆ ಇದ್ದರೆ ಎರಡೂ ಲೆಕ್ಕಕ್ಕಿಲ್ಲ, ಶಾಶ್ವತ ದೋಷ ಎಂದು ಬರ್ತದೆ. ಡಿಕಿಮ್‌ಗೆ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಎರಡು ಸೆಲೆಕ್ಟರ್ (ಕೀಯ ಹೆಸರು) ಮಾಡಿ, ಸರ್ವರಿಗೊಂದು ಕೀ. 2048 ಬಿಟ್ ಕೀಯ ಟೆಕ್ಸ್ಟ್ 255 ಅಕ್ಷರ ಮೀರುತ್ತದೆ, ಡಿಎನ್‌ಎಸ್‌ನಲ್ಲಿ ಅದನ್ನು ತುಂಡು ಮಾಡಿ ಕೊಡಬೇಕು. ಹೊಸ ಐಪಿಗೆ ಪಿಟಿಆರ್ (ಐಪಿಯಿಂದ ಹೆಸರು ಹೇಳುವ ದಾಖಲೆ) ಬೇಕೇ ಬೇಕು, ಆ ಹೆಸರು ತಿರುಗಿ ಅದೇ ಐಪಿಗೆ ಬರಬೇಕು. 2024ರ ಫೆಬ್ರುವರಿಯಿಂದ ಜಿಮೇಲ್ ಕಳುಹಿಸುವ ಎಲ್ಲರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ ಮತ್ತು ಸರಿಯಾದ ಪಿಟಿಆರ್ ಕೇಳುತ್ತದೆ. ಪಿಟಿಆರ್ ಹಾಕಿಕೊಡುವುದು ಐಪಿ ಕೊಟ್ಟವರ ಕೆಲಸ, ಅರ್ಜಿ ಇವತ್ತೇ ಕೊಡಿ, ಅದಕ್ಕೆ ದಿನ ಹಿಡಿಯುತ್ತದೆ.

ಹೊಸ ಐಪಿಯ ಮೇಲೆ ಹೊರಗಿನವರಿಗೆ ನಂಬಿಕೆ ಇನ್ನೂ ಬಂದಿಲ್ಲ ಎಂಬ ಭಯ ಇದ್ದರೆ ಮೊದಲ ಕೆಲವು ದಿನ ಹೊಸ ಸರ್ವರಿನ ‘ರಿಲೇ ಹೋಸ್ಟ್’ (ಹೊರಗೆ ಹೋಗುವ ಮೇಲ್ ದಾಟಿಸುವ ಸರ್ವರ್) ಹಳೆಯದನ್ನೇ ಮಾಡಿ. ಸಹಿ ಹೊಸದರಲ್ಲೇ ಹಾಕಿ, ಹಳೆಯದು ಮೇಲ್‌ನ ಒಳಗಡೆ, ಅಂದರೆ ಕೆಳಗೆ ಡಿಸ್ಕ್ಲೇಮರ್ ಅಂಟಿಸುವುದು ಇತ್ಯಾದಿ, ಏನೂ ಬದಲಿಸಬಾರದು. ಬದಲಿಸಿದರೆ ಡಿಕಿಮ್ ಸಹಿ ಮುರಿಯುತ್ತದೆ.

—

ಕುಂದಾಪುರ_ಕೇಬಲ್ · ಮಂಗಳವಾರ 12:10

ಮನುಷ್ಯರಲ್ಲದ ಬಳಕೆದಾರರ ಪಟ್ಟಿ ಮಾಡಿದ್ದೀರಾ? ಸ್ಕ್ಯಾನರ್, ಸಿಸಿಟಿವಿ ಡಿವಿಆರ್, ಯುಪಿಎಸ್ ಎಚ್ಚರಿಕೆ, ಠೇವಣಿ ವಾಯಿದೆಯ ನೆನಪೋಲೆ ಕಳಿಸುವ ತಂತ್ರಾಂಶ. ಇವೆಲ್ಲ ಒಳ ಜಾಲದಿಂದ ಪಾಸ್‌ವರ್ಡ್ ಇಲ್ಲದೆ ಪೋರ್ಟ್ 25ಕ್ಕೆ ಕಳಿಸ್ತಾ ಇರ್ತವೆ, ಹಳೆಯದರ ‘ಮೈ ನೆಟ್‌ವರ್ಕ್ಸ್’ನಲ್ಲಿ ಆ ಜಾಲ ಇರುವುದರಿಂದ ನಡೀತದೆ. ಹೊಸ ಸರ್ವರ್ ಹೊರಗೆ ಇದ್ದರೆ ‘ರಿಲೇ ಆಕ್ಸೆಸ್ ಡಿನೈಡ್’. ಮನೆ ಮಾದರಿಯ ಬ್ರಾಡ್‌ಬ್ಯಾಂಡ್ ಇರುವ ಶಾಖೆಯಿಂದ ಪೋರ್ಟ್ 25 ಹೊರಗೆ ಹೋಗದೆಯೂ ಇರಬಹುದು. ಹಳೆ ಸರ್ವರಿನ ಲಾಗಿನಲ್ಲಿ ಒಂದು ತಿಂಗಳದ್ದು ತೆಗೆದು, ಪಾಸ್‌ವರ್ಡ್ ಕೊಡದೆ ಕಳಿಸಿದ ಐಪಿಗಳನ್ನು ಹೆಕ್ಕಿ. ಪಾಸ್‌ವರ್ಡ್ ಮತ್ತು ಪೋರ್ಟ್ 587 ಗೊತ್ತಿರುವ ಯಂತ್ರಕ್ಕೆ ಖಾತೆ ಕೊಡಿ. ಗೊತ್ತಿಲ್ಲದ ಹಳೆ ಯಂತ್ರಗಳಿಗೆ ಶಾಖೆಯೊಳಗೇ ಒಂದು ಸಣ್ಣ ಪೋಸ್ಟ್‌ಫಿಕ್ಸ್ ಇಟ್ಟು, ಅದು 587ರಲ್ಲಿ ಹೊಸದಕ್ಕೆ ಕೊಡಲಿ. ಹೊಸ ಸರ್ವರಿನ ಟಿಎಲ್‌ಎಸ್ ಇಳಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಒಂದು ಸ್ಕ್ಯಾನರಿಗಾಗಿ 180 ಜನರ ಬಾಗಿಲು ಸಡಿಲ ಮಾಡಿದ ಹಾಗಾಗ್ತದೆ.

—

ಕಾರ್ಕಳ_ಅಂಚೆಪೆಟ್ಟಿಗೆ · ಮಂಗಳವಾರ 15:35

ಫೋಲ್ಡರ್ ಹೆಸರು ಕನ್ನಡದಲ್ಲಿದ್ದರೆ ಒಂದು ವಿಷಯ ಗಮನಿಸಿ, ನಮ್ಮ ಕಡೆಯ ಕಚೇರಿಗಳಲ್ಲಿ ಇದು ಬಂದೇ ಬರ್ತದೆ. ಐಮ್ಯಾಪ್ ಹೆಸರುಗಳನ್ನು ಮಾರ್ಪಡಿಸಿದ ಯುಟಿಎಫ್7ನಲ್ಲಿ (ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ) ಬರೆಯುತ್ತದೆ, ಡವ್‌ಕಾಟ್ ಡಿಸ್ಕ್‌ನಲ್ಲಿ ಇಡುವುದೂ ಡಿಫಾಲ್ಟ್ ಆಗಿ ಹಾಗೇ. ‘ಪತ್ರವ್ಯವಹಾರ’ ಎಂಬ ಪದಕ್ಕೆ ಒತ್ತು, ಕಾಗುಣಿತ ಸೇರಿ 11 ಯುನಿಕೋಡ್ ಸಂಕೇತ, ಡಿಸ್ಕ್‌ನಲ್ಲಿ ಅದು 32 ಬೈಟ್ ಆಗ್ತದೆ. ಮೇಲ್‌ಡಿರ್ (ಡಿಸ್ಕ್‌ನಲ್ಲಿ ಮೇಲ್ ಇಡುವ ರೀತಿ) ಸಾಮಾನ್ಯ ವಿನ್ಯಾಸದಲ್ಲಿ ಫೋಲ್ಡರ್ ಒಳಗಿನ ಫೋಲ್ಡರ್ ಎಂಬುದಿಲ್ಲ, ಪೂರ್ತಿ ದಾರಿಯನ್ನು ಚುಕ್ಕಿ ಹಾಕಿ ಒಂದೇ ಡೈರೆಕ್ಟರಿಯ ಹೆಸರು ಮಾಡ್ತದೆ. ಇಎಕ್ಸ್‌ಟಿ4ನಲ್ಲಿ (ಡಿಸ್ಕ್‌ನ ಫೈಲ್ ವ್ಯವಸ್ಥೆ) ಒಂದು ಹೆಸರಿಗೆ ಮಿತಿ 255 ಬೈಟ್. ಅಂಥ ಎಂಟು ಪದ ಸೇರಿದರೆ ಮಿತಿ ದಾಟಿತು. ‘ಜಿಲ್ಲಾ ಉಪನಿಬಂಧಕರ ಕಚೇರಿ’ ಒಳಗೆ ‘ಲೆಕ್ಕಪರಿಶೋಧನೆ ಆಕ್ಷೇಪಣೆಗಳು’, ಅದರೊಳಗೆ ಇನ್ನೊಂದು ಎಂದು ಮಾಡಿಟ್ಟವರು ಇದ್ದರೆ ಆ ಫೋಲ್ಡರ್ ಹೊಸ ಸರ್ವರಿನಲ್ಲಿ ಹುಟ್ಟುವುದೇ ಇಲ್ಲ, ಆ ಪೆಟ್ಟಿಗೆಯ ಕಾಪಿ ಅಲ್ಲಿಗೇ ದೋಷ ಹೇಳ್ತದೆ. ಹೊಸದರಲ್ಲಿ ಮೇಲ್ ಲೊಕೇಶನ್‌ಗೆ ‘ಲೇಔಟ್ ಎಫ್‌ಎಸ್’ ಕೊಟ್ಟರೆ ಪ್ರತಿ ಹಂತಕ್ಕೂ ಬೇರೆ ಡೈರೆಕ್ಟರಿ, 255 ಪ್ರತಿ ಹಂತಕ್ಕೆ ಸಿಗ್ತದೆ. ಇದನ್ನು ಮೊದಲ ಕಾಪಿಗೆ ಮುಂಚೆಯೇ ತೀರ್ಮಾನಿಸಬೇಕು, ನಡುವೆ ಬದಲಿಸಲಿಕ್ಕಾಗುವುದಿಲ್ಲ.

ಇನ್ನೊಂದು, ‘ಕೋರ್ಟ್’ ಎಂಬ ಎರಡು ಫೋಲ್ಡರ್ ಒಬ್ಬರಲ್ಲೇ ಕಂಡರೆ ಕಾಪಿ ತಪ್ಪಾಯಿತೆಂದು ಗಾಬರಿಯಾಗಬೇಡಿ. ‘ಕೋ’ ಕಾಗುಣಿತವನ್ನು ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಸರ್ವರಿಗೆ ಬೇರೆ ಬೇರೆ. ಹಳೆಯದರಲ್ಲೂ ಎರಡು ಇತ್ತಾ ಎಂದು ಮೊದಲು ನೋಡಿ.

—

ಮಣಿಪಾಲ_ಐಮ್ಯಾಪ್ · ಮಂಗಳವಾರ 16:10

ಅಕ್ಕ ಹೇಳಿದ ಲೇಔಟ್ ವಿಷಯಕ್ಕೆ ಸೇರಿಸುತ್ತೇನೆ: ಹಂತಗಳ ನಡುವಿನ ಗುರುತು ಹಳೆಯದರಲ್ಲಿ ಚುಕ್ಕಿ ಇದ್ದು ಹೊಸದರಲ್ಲಿ ಓರೆಗೆರೆ (/) ಆದರೆ ಕೆಲವು ಕ್ಲೈಂಟ್‌ಗಳು ‘ಕಳುಹಿಸಿದ್ದು’ ಫೋಲ್ಡರ್ ಎಲ್ಲಿದೆ ಎಂದು ಹುಡುಕುತ್ತವೆ. ಡವ್‌ಕಾಟ್‌ನಲ್ಲಿ ನೇಮ್‌ಸ್ಪೇಸಿನ ಸೆಪರೇಟರ್ ಮತ್ತು ಪ್ರಿಫಿಕ್ಸ್ ಹಳೆಯದರ ಹಾಗೇ ಇಡಿ. ಹೊರಗಿನ ನೋಟ ಹಳೆಯದು, ಒಳಗಿನ ಜೋಡಣೆ ಹೊಸದು, ಎರಡೂ ಒಟ್ಟಿಗೆ ಸಾಧ್ಯ. ಫೋಲ್ಡರ್ ಚಂದಾದಾರಿಕೆ, ಸೀವ್ ಸ್ಕ್ರಿಪ್ಟ್ (ಮೇಲ್ ವಿಂಗಡಿಸುವ ನಿಯಮ), ರಜೆಯ ಉತ್ತರ ಇವನ್ನೂ ನೋಡಿ. ಸೀವ್ ಸ್ಕ್ರಿಪ್ಟ್ ಐಮ್ಯಾಪ್‌ಸಿ ದಾರಿಯಲ್ಲಿ ಬರುವುದಿಲ್ಲ, ಬೇರೆಯಾಗಿ ಕಾಪಿ ಮಾಡಬೇಕು. ಹಂಚಿಕೊಂಡ ಫೋಲ್ಡರ್ ಬಳಸುವವರನ್ನು ಒಂದೇ ಕಂತಿನಲ್ಲಿ ಸಾಗಿಸಿ, ಸರ್ವರ್ ದಾಟಿ ಹಂಚಿಕೆ ನಡೆಯುವುದಿಲ್ಲ.

ಮತ್ತೆ, ಈಗಲೇ ಡೆಬಿಯನ್ 13ಕ್ಕೆ ಹೋಗುವ ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಡವ್‌ಕಾಟ್ 2.4 ಉಂಟು, 2.3ರ ಕಾನ್ಫಿಗ್ ಫೈಲ್ ಅದರಲ್ಲಿ ಓಡುವುದಿಲ್ಲ, ಪೂರ್ತಿ ಹೊಸದಾಗಿ ಬರೆಯಬೇಕು. ಸ್ಥಳಾಂತರದ ನಡುವೆ ಅದು ಬೇಡ.

—

ಹಂಪನಕಟ್ಟೆ_ಸರ್ವರ್ · ಬುಧವಾರ 09:45

ಎಲ್ಲರಿಗೂ ತುಂಬಾ ಉಪಕಾರ. ಸರ್ಟಿಫಿಕೇಟ್ ಬಗ್ಗೆ ಒಂದು ಸಂಶಯ. ‘ಮೇಲ್’ ಹೆಸರು ಹಳೆಯದಕ್ಕೆ ತೋರಿಸುತ್ತಿರುವಾಗ ಹೊಸದರಲ್ಲಿ ಅದೇ ಹೆಸರಿನ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಪಡೆಯುವುದು ಹೇಗೆ? ಕೊನೆಯಲ್ಲಿ ಹೆಸರು ತಿರುಗಿಸುವ ದಿನ ಅದು ಸಿದ್ಧ ಇರಬೇಕಲ್ಲ.

—

ಮಲ್ಪೆ_ಡಿಎನ್ಎಸ್ · ಬುಧವಾರ 10:20

ವೆಬ್ ಮೂಲಕ ಪರೀಕ್ಷಿಸುವ ವಿಧಾನ ಹೆಸರು ತೋರಿಸುವ ಸರ್ವರಿನಲ್ಲಿ ಮಾತ್ರ ನಡೀತದೆ. ಹೊಸದಕ್ಕೆ ಡಿಎನ್‌ಎಸ್ ಮೂಲಕದ ಪರೀಕ್ಷೆ ಬಳಸಿ, ಟೆಕ್ಸ್ಟ್ ದಾಖಲೆ ಹಾಕಿದರೆ ಸರ್ಟಿಫಿಕೇಟ್ ಎಲ್ಲಿಂದ ಬೇಕಾದರೂ ತೆಗೆಯಬಹುದು.

ಕೊನೆಯ ಶಾಖೆ ಬಂದ ಮೇಲೆ ಡಿಎನ್‌ಎಸ್ ತಿರುಗಿಸುವಾಗ: ಈಗ ಟಿಟಿಎಲ್ (ಡಿಎನ್‌ಎಸ್ ಉತ್ತರವನ್ನು ಎಷ್ಟು ಸೆಕೆಂಡು ಇಟ್ಟುಕೊಳ್ಳಬಹುದು ಎಂಬುದು) 86400 ಇದ್ದರೆ ಬದಲಾವಣೆಗೆ ಪೂರ್ತಿ ಒಂದು ದಿನ ಮೊದಲೇ 300ಕ್ಕೆ ಇಳಿಸಿ. ಅದೇ ದಿನ ಇಳಿಸಿದರೆ ಪ್ರಯೋಜನ ಇಲ್ಲ, ಹಳೆ ಉತ್ತರವನ್ನು ಇಟ್ಟುಕೊಂಡವರು ಅದರ ದಿನ ಮುಗಿಯುವವರೆಗೆ ಅದನ್ನೇ ಬಳಸ್ತಾರೆ. ‘ಮೇಲ್’ ಹೆಸರನ್ನು ಮೊದಲು ತಿರುಗಿಸಿ, ಎಂಎಕ್ಸ್ ಒಂದೆರಡು ದಿನ ಬಿಟ್ಟು. ಎಂಎಕ್ಸ್ ಹೊಸದಕ್ಕೆ ಬಂದ ದಿನ ಆ ‘ಎಕ್ಸ್‌ಟರ್ನಲ್ ರಿಲೇ’ ಸೆಟ್ಟಿಂಗ್ ತೆಗೆದು, ಸ್ಪ್ಯಾಮ್ ಪರೀಕ್ಷೆ ಹೊಸದರಲ್ಲಿ ಪೂರ್ತಿ ಚಾಲು ಮಾಡಬೇಕು.

ಹಳೆಯದನ್ನು ತಕ್ಷಣ ನಿಲ್ಲಿಸಬೇಡಿ. ಟೇಬಲ್ ಸಮೇತ ಒಂದು ತಿಂಗಳು ಓಡ್ತಾ ಇರಲಿ, ಬಂದದ್ದನ್ನೆಲ್ಲ ಹೊಸದಕ್ಕೆ ದಾಟಿಸಲಿ. ಹೆಸರಿನ ಬದಲು ನೇರ ಐಪಿ ಹಾಕಿಕೊಂಡ ಮೊಬೈಲ್, ಯಂತ್ರ ಯಾವುದಾದರೂ ಉಳಿದಿದ್ದರೆ ಅದರ ಲಾಗಿನಲ್ಲಿ ಸಿಕ್ಕಿಬೀಳ್ತದೆ. ಲಾಗ್ ಏಳು ದಿನ ಪೂರ್ತಿ ಖಾಲಿ ಇದ್ದ ಮೇಲೆ ಎಸ್‌ಪಿಎಫ್‌ನಿಂದ 192.0.2.10 ತೆಗೆಯಿರಿ. ಹಳೆಯ ಡಿಕಿಮ್ ಸೆಲೆಕ್ಟರ್ ಇನ್ನೂ ಕೆಲವು ವಾರ ಡಿಎನ್‌ಎಸ್‌ನಲ್ಲಿ ಇರಲಿ, ತಡವಾಗಿ ತಲುಪಿದ ಮೇಲ್‌ನ ಸಹಿ ಪರೀಕ್ಷೆಗೆ ಅದು ಬೇಕು.

—

ಹಂಪನಕಟ್ಟೆ_ಸರ್ವರ್ · ಬುಧವಾರ 10:41

ಆಯ್ತು. ಪಿಟಿಆರ್ ಅರ್ಜಿ ಈಗಲೇ ಕಳಿಸುತ್ತೇನೆ, ಟೇಬಲ್ ಮತ್ತು ‘ಸಾಗಣೆ’ ಸ್ಥಿತಿಯನ್ನು ಎರಡು ಪರೀಕ್ಷಾ ಖಾತೆ ಇಟ್ಟು ಈ ವಾರ ಓಡಿಸಿ ನೋಡುವುದು. ಮೊದಲ ಐದು ಜನರಲ್ಲಿ ಒಬ್ಬ ಪಾಪ್3ನವರು, ಕನ್ನಡ ಫೋಲ್ಡರ್ ಹೆಚ್ಚಿರುವ ಒಬ್ಬರು, ಮೊಬೈಲ್ ಮಾತ್ರ ಬಳಸುವ ಒಬ್ಬರು ಇರುವ ಹಾಗೆ ಆರಿಸುತ್ತೇನೆ.

—

ಪಡುಬಿದ್ರಿ_ಕ್ಯೂ · ಬುಧವಾರ 11:03

ಮೂಡುಬಿದಿರೆ, ಬೆಳ್ತಂಗಡಿಯಂಥ ಚಿಕ್ಕ ಶಾಖೆ ಮೊದಲು, ಪ್ರಧಾನ ಕಚೇರಿ ಕೊನೆಗೆ. ಪರೀಕ್ಷಾ ಖಾತೆಯಲ್ಲಿ ನಾಲ್ಕೂ ದಿಕ್ಕಿನ ಮೇಲ್ ನೋಡಿ: ಹಳೆಯದರಿಂದ ಹೊಸದಕ್ಕೆ, ಹೊಸದರಿಂದ ಹಳೆಯದಕ್ಕೆ, ಹೊರಗಿನಿಂದ ಎರಡಕ್ಕೂ, ಎರಡರಿಂದಲೂ ಹೊರಗೆ. ಆಮೇಲೆ ಇಲ್ಲದ ಒಂದು ವಿಳಾಸಕ್ಕೆ ಹೊರಗಿನಿಂದ ಕಳಿಸಿ. ಅದು ಕ್ಯೂಗೆ ಬಾರದೆ, ಬಾಗಿಲಲ್ಲೇ 550 (ಇಂಥ ವಿಳಾಸ ಇಲ್ಲ) ಎಂದು ವಾಪಸ್ ಹೋದರೆ ಮುಂದಿನ ಭಾನುವಾರ ಐದು ಜನರನ್ನು ಸಾಗಿಸಬಹುದು.